ಬೀಟ್ಸನ್ ಅಂದ್ರೆ ಬರೀ 1980 ಅಲ್ಲ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ರಗ್ಬಿ ಲೀಗ್ ಬಗ್ಗೆ ಯಾರ ಹತ್ತಿರ ಮಾತಿಗೆ ಕೂತರೂ ಆರ್ಥರ್ ಬೀಟ್ಸನ್ ಹೆಸರು ಬರುತ್ತದೆ. ಹೆಸರಿನ ಬೆನ್ನಿಗೇ ತಾರೀಖೂ ಬರುತ್ತದೆ: 1980ರ ಜುಲೈ 8, ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್ ಮೈದಾನ. ಅವನ ನಾಯಕತ್ವದಲ್ಲಿ ಕ್ವೀನ್ಸ್‌ಲ್ಯಾಂಡ್ ತಂಡ ನ್ಯೂ ಸೌತ್ ವೇಲ್ಸ್ ಅನ್ನು ಸೋಲಿಸಿದ ಆ ರಾತ್ರಿಯ ಕಥೆ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ. ಕಥೆ ಚೆನ್ನಾಗಿಯೇ ಇದೆ, ತಕರಾರಿಲ್ಲ. ಆದರೆ 1966ರಿಂದ ಸಿಡ್ನಿಯಲ್ಲಿ ಮೈ ಹಣ್ಣು ಮಾಡಿಕೊಂಡು ಆಡಿದ ಒಬ್ಬ ಫಾರ್ವರ್ಡ್‌ನ ಇಡೀ ಬದುಕನ್ನು ಒಂದು ಪಂದ್ಯದ ಎಂಬತ್ತೇ ನಿಮಿಷಕ್ಕೆ ಇಳಿಸಿಬಿಟ್ಟರೆ ಹೇಗೆ?

ಬ್ರಿಸ್ಬೇನ್‌ಗೆ ಕೆಲಸಕ್ಕೆ ಬಂದಾಗ ನನಗೆ ಗೊತ್ತಿದ್ದಿದ್ದು ಕ್ರಿಕೆಟ್ ಒಂದೇ. ಲೀಗ್ ನೋಡಲು ಕೂತರೆ ಚೆಂಡಿನ ಹಿಂದೆಯೇ ಕಣ್ಣು ಹೋಗುತ್ತಿತ್ತು. ಅಂಚಿನಲ್ಲಿ ಓಡಿ ಟ್ರೈ ಹೊಡೆಯುವ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಪಾಯಿಂಟ್ ತರುವ) ಹುಡುಗರೇ ಹೀರೋಗಳು ಅಂದುಕೊಂಡಿದ್ದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು, ಹುಟ್ಟಾ ಬ್ರಿಸ್ಬೇನ್‌ನವರು, ಒಂದು ಸಲ ನನ್ನ ಪಕ್ಕ ಕೂತು, "ಚೆಂಡು ಬಿಡು, ಆ ಮಧ್ಯದ ದಪ್ಪನೆಯವರನ್ನು ನೋಡು" ಅಂದರು. ಆಮೇಲೆ ಆಟವೇ ಬೇರೆ ಥರ ಕಾಣಿಸಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಒಂದು ತಂಡಕ್ಕೆ 13 ಜನ. ಅದರಲ್ಲಿ ಆರು ಜನ ಫಾರ್ವರ್ಡ್‌ಗಳು. ಅವರಲ್ಲೂ ಇಬ್ಬರು ಪ್ರಾಪ್‌ಗಳದ್ದು ಅತಿ ಕಷ್ಟದ ಕೆಲಸ. ಚೆಂಡು ಹಿಡಿದು ಎದುರು ಸಾಲಿಗೆ ನುಗ್ಗಬೇಕು. ಎರಡು ಮೂರು ಜನ ಸೇರಿ ಕೆಡವುತ್ತಾರೆ. ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ, ಮತ್ತೆ ಹಿಂದೆ ಬಂದು ನಿಲ್ಲಬೇಕು. ಚೆಂಡು ಅವರ ಕೈಗೆ ಹೋದರೆ ಈಗ ಕೆಡವುವ ಸರದಿ ನಿನ್ನದು. ಇಷ್ಟೆಲ್ಲ ಮಾಡಿದರೂ ಸ್ಕೋರ್‌ಬೋರ್ಡ್‌ನಲ್ಲಿ ಹೆಸರು ಬರುವುದು ಅಪರೂಪ. ಈಗ ಆಸ್ಟ್ರೇಲಿಯಾದ ದೊಡ್ಡ ಕ್ಲಬ್ ಟೂರ್ನಿ ಎನ್‌ಆರ್‌ಎಲ್‌ನಲ್ಲಿ ಆಟಗಾರರನ್ನು ಬದಲಾಯಿಸಲು ಎಂಟು ಅವಕಾಶ ಇದೆ, ಪ್ರಾಪ್‌ಗಳು ನಡುವೆ ಕೂತು ಉಸಿರು ಎಳೆದುಕೊಳ್ಳುತ್ತಾರೆ. ಬೀಟ್ಸನ್ ಕಾಲದಲ್ಲಿ ಆ ಸೌಕರ್ಯ ಎಲ್ಲಿತ್ತು?

ಆರ್ಟಿ (ಆರ್ಥರ್ ಬೀಟ್ಸನ್‌ನನ್ನು ಎಲ್ಲರೂ ಕರೆಯುತ್ತಿದ್ದಿದ್ದು ಹಾಗೆ) ಹುಟ್ಟಿದ್ದು 1945ರಲ್ಲಿ, ಬ್ರಿಸ್ಬೇನ್‌ನಿಂದ ಪಶ್ಚಿಮಕ್ಕೆ ಬಲು ದೂರ ಇರುವ ರೋಮಾ ಅನ್ನುವ ಊರಿನಲ್ಲಿ. ತಾಯಿ ಮೂಲನಿವಾಸಿ ಸಮುದಾಯದವರು. 1965ರಲ್ಲಿ ರೆಡ್‌ಕ್ಲಿಫ್ ತಂಡದ ಜೊತೆ ಬ್ರಿಸ್ಬೇನ್ ಪ್ರೀಮಿಯರ್‌ಶಿಪ್ ಗೆದ್ದ. ಮರುವರ್ಷ ಸಿಡ್ನಿಯ ಬಾಲ್ಮೇನ್ ಕ್ಲಬ್ ಕರೆಯಿತು. ಅದೇ ವರ್ಷ ಆಸ್ಟ್ರೇಲಿಯಾ ಪರ ಟೆಸ್ಟ್ ಆಡಿದ. ಮೂಲನಿವಾಸಿಗಳನ್ನು ದೇಶದ ಜನಸಂಖ್ಯೆಯ ಲೆಕ್ಕಕ್ಕೆ ಸೇರಿಸಬೇಕು ಅಂತ ಜನ ಓಟು ಹಾಕಿದ್ದು 1967ರಲ್ಲಿ. ಅಂದರೆ ದೇಶ ಲೆಕ್ಕಕ್ಕೆ ಹಿಡಿಯುವ ಮೊದಲೇ ಇವನು ದೇಶದ ಜರ್ಸಿ ಹಾಕಿಯಾಗಿತ್ತು. ಮುಂದೆ ಇವನೇ ಆಸ್ಟ್ರೇಲಿಯಾ ತಂಡದ ನಾಯಕನೂ ಆದ. ಯಾವುದೇ ಆಟದಲ್ಲಿ ಆ ದೇಶದ ನಾಯಕನಾದ ಮೊದಲ ಮೂಲನಿವಾಸಿ.

ಶುರುವಿನಲ್ಲಿ ಹೆಸರು ಅಷ್ಟೇನೂ ಚೆನ್ನಾಗಿರಲಿಲ್ಲ. ತಿನ್ನುವುದು ಜಾಸ್ತಿ, ಓಡುವುದು ಕಮ್ಮಿ ಅಂತ ಆಡಿಕೊಳ್ಳುತ್ತಿದ್ದರು. 'ಅರ್ಧ ಆಟದ ಆರ್ಟಿ' ಅಂತ ಅಡ್ಡಹೆಸರು ಬೇರೆ. ಸಿಟ್ಟೂ ಇತ್ತು. 1969ರಲ್ಲಿ ಬಾಲ್ಮೇನ್ ಗ್ರ್ಯಾಂಡ್ ಫೈನಲ್‌ನಲ್ಲಿ ಸೌತ್ ಸಿಡ್ನಿಯನ್ನು 11–2ರಿಂದ ಸೋಲಿಸಿದಾಗ ಇವನು ಮೈದಾನದಲ್ಲೇ ಇರಲಿಲ್ಲ, ಸಸ್ಪೆಂಡ್ ಆಗಿ ಹೊರಗೆ ಕೂತಿದ್ದ.

ಈಗ ನಾನು ಹೇಳಬೇಕು ಅಂದುಕೊಂಡ ವಿಷಯಕ್ಕೆ ಬರುತ್ತೇನೆ. ಆರ್ಟಿ ಸಿಡ್ನಿಗೆ ಬಂದ ವರ್ಷ ಟ್ಯಾಕಲ್‌ಗಳಿಗೆ, ಅಂದರೆ ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ಕೆಡವುವುದಕ್ಕೆ, ಮಿತಿಯೇ ಇರಲಿಲ್ಲ. ಚೆಂಡು ಕೈ ತಪ್ಪುವ ತನಕ ಒಂದೇ ತಂಡ ಆಡುತ್ತಲೇ ಇರಬಹುದಿತ್ತು. ಸೇಂಟ್ ಜಾರ್ಜ್ ತಂಡ 1956ರಿಂದ 1966ರ ತನಕ ಸತತ 11 ಸಲ ಗೆದ್ದಿದ್ದು ಆ ಕಾಲದಲ್ಲಿ. 1967ರಲ್ಲಿ ನಾಲ್ಕು ಟ್ಯಾಕಲ್ ಆದರೆ ಚೆಂಡು ಹೋಯಿತು ಅನ್ನುವ ನಿಯಮ ಬಂತು. 1971ರಲ್ಲಿ ಅದು ಆರು ಆಯಿತು. ಆಗ ಒಂದೊಂದು ಟ್ಯಾಕಲ್‌ಗೂ ಬೆಲೆ ಬಂತು. ಆಟಗಾರನನ್ನು ಹಿಡಿದಿದ್ದಾರೆ, ಆದರೆ ಟ್ಯಾಕಲ್ ಇನ್ನೂ ಪೂರ್ತಿ ಆಗಿಲ್ಲ. ಆ ಗಳಿಗೆಯಲ್ಲಿ ಚೆಂಡು ಪಕ್ಕದವನ ಕೈ ಸೇರಿದರೆ ಲೆಕ್ಕದಲ್ಲಿ ಟ್ಯಾಕಲ್ ಆಗಿಯೇ ಇಲ್ಲ. ಮೇಲಾಗಿ ಎದುರಾಳಿಯ ಮೂರು ಜನ ಇವನನ್ನು ತಬ್ಬಿಕೊಂಡು ನಿಂತಿದ್ದಾರೆ. ಅಷ್ಟು ಜನ ಬಿಟ್ಟು ಹೋದ ಜಾಗ ಖಾಲಿ. ಇದಕ್ಕೇ ಆಫ್‌ಲೋಡ್ ಅನ್ನುವುದು.

ಹಳೆಯ ವಿಡಿಯೋಗಳಲ್ಲಿ ಆರ್ಟಿ ಇದನ್ನು ಮಾಡುವುದನ್ನು ನಿಧಾನ ಮಾಡಿಕೊಂಡು ನೋಡಬೇಕು. ಬೇರೆ ಪ್ರಾಪ್‌ಗಳು ತಲೆ ಬಗ್ಗಿಸಿ, ಚೆಂಡನ್ನು ಎದೆಗೆ ಅವಚಿಕೊಂಡು ಗುದ್ದುತ್ತಾರೆ. ಇವನು ತಲೆ ಎತ್ತಿಕೊಂಡೇ ಬರುತ್ತಾನೆ. ಒಬ್ಬ ಸೊಂಟಕ್ಕೆ ಬೀಳುತ್ತಾನೆ, ಇನ್ನೊಬ್ಬ ಹೆಗಲಿಗೆ ಜೋತು ಬೀಳುತ್ತಾನೆ. ಅಷ್ಟು ದೊಡ್ಡ ಮೈ ಅರ್ಧ ತಿರುಗುತ್ತದೆ. ಚೆಂಡು ಹಿಡಿದ ಕೈ ಮಾತ್ರ ಆ ಗುಂಪಿನಿಂದ ಹೊರಗೆ, ಮೇಲೆ. ಬರುತ್ತಿರುವವನು ಸರಿಯಾದ ಜಾಗಕ್ಕೆ ಬರುವ ತನಕ ಕಾಯುತ್ತಾನೆ, ಆಮೇಲೆ ಸುಮ್ನೆ ಮಣಿಕಟ್ಟು ತಿರುಗಿಸಿ ಬಿಟ್ಟುಬಿಡುತ್ತಾನೆ. ಕಬಡ್ಡಿಯಲ್ಲಿ ನಾಲ್ಕು ಜನರ ಕೆಳಗೆ ಸಿಕ್ಕಿಬಿದ್ದ ರೈಡರ್ ಬೆರಳ ತುದಿಯನ್ನು ನಡುಗೆರೆಗೆ ಚಾಚುತ್ತಾನಲ್ಲ, ಆ ಹಠವೇ ಇಲ್ಲೂ ಇದೆ. ಆದರೆ ಆ ಒದ್ದಾಟ ಇಲ್ಲ. ಆರ್ಟಿಗೆ ಆತುರವೇ ಇರುತ್ತಿರಲಿಲ್ಲ.

1971ರಲ್ಲಿ ಅವನು ಈಸ್ಟರ್ನ್ ಸಬರ್ಬ್ಸ್‌ಗೆ, ಅಂದರೆ ಈಗಿನ ಸಿಡ್ನಿ ರೂಸ್ಟರ್ಸ್‌ಗೆ ಹೋದ. 1974ರಲ್ಲಿ ಅಲ್ಲಿಗೆ ಜ್ಯಾಕ್ ಗಿಬ್ಸನ್ ಕೋಚ್ ಆಗಿ ಬಂದರು. ಯಾರು ಎಷ್ಟು ಟ್ಯಾಕಲ್ ಮಾಡಿದರು ಅಂತ ಎಣಿಸಿ ಬರೆದಿಡುತ್ತಿದ್ದ ಮನುಷ್ಯ. ಅಂಥವರ ಮುಂದೆ 'ಅರ್ಧ ಆಟ' ನಡೆಯುತ್ತದೆಯೇ? ಆ ವರ್ಷ ಈಸ್ಟ್ಸ್ ಫೈನಲ್‌ನಲ್ಲಿ ಕ್ಯಾಂಟರ್‌ಬರಿಯನ್ನು 19–4ರಿಂದ ಸೋಲಿಸಿತು. ಮರುವರ್ಷ ಸೇಂಟ್ ಜಾರ್ಜ್ ಮೇಲೆ 38–0. ಎರಡೂ ಸಲ ನಾಯಕ ಬೀಟ್ಸನ್. ತಮಾಷೆ ಏನೆಂದರೆ, ಆ 38–0 ಫೈನಲ್ ಅಂದರೂ ಜನಕ್ಕೆ ನೆನಪಾಗುವುದು ಸೋತ ತಂಡದ ಗ್ರೇಮ್ ಲ್ಯಾಂಗ್‌ಲ್ಯಾಂಡ್ಸ್ ಹಾಕಿಕೊಂಡು ಬಂದಿದ್ದ ಬಿಳಿ ಬೂಟು! ಫಾರ್ವರ್ಡ್‌ಗಳ ಹಣೆಬರಹವೇ ಇಷ್ಟು.

ಸರಿ, 1980 ಬಿಟ್ಟು ಬರೆದರೆ ಇಲ್ಲಿನವರು ನನ್ನನ್ನು ಬಿಡುವುದಿಲ್ಲ. ನ್ಯೂ ಸೌತ್ ವೇಲ್ಸ್‌ನ ಕ್ಲಬ್‌ಗಳಿಗೆ ಪೋಕರ್ ಮಷಿನ್‌ಗಳಿಂದ, ಅಂದರೆ ಜೂಜಿನ ಯಂತ್ರಗಳಿಂದ, ದುಡ್ಡು ಹರಿಯುತ್ತಿತ್ತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಆ ಮಷಿನ್‌ಗಳಿಗೆ ಅನುಮತಿ ಇರಲಿಲ್ಲ. ಒಳ್ಳೆಯ ಆಟಗಾರರೆಲ್ಲ ಸಿಡ್ನಿಗೆ ಹೋಗುತ್ತಿದ್ದರು. ಹೋದ ಮೇಲೆ ರಾಜ್ಯಗಳ ನಡುವಿನ ಪಂದ್ಯದಲ್ಲಿ ಹುಟ್ಟಿದ ರಾಜ್ಯದ ವಿರುದ್ಧವೇ ಆಡಬೇಕು. ಆರ್ಟಿಯೂ ನ್ಯೂ ಸೌತ್ ವೇಲ್ಸ್‌ನ ನೀಲಿ ಜರ್ಸಿ ಹಾಕಿ ಕ್ವೀನ್ಸ್‌ಲ್ಯಾಂಡ್‌ ಮೇಲೆ ಆಡಿದವನೇ. 1980ರಲ್ಲೂ ಮೊದಲ ಎರಡು ಪಂದ್ಯ ಹಾಗೇ ನಡೆದು 35–3, 17–7 ಅಂತ ಕ್ವೀನ್ಸ್‌ಲ್ಯಾಂಡ್ ಸೋತಿತು. ಮೂರನೆಯದಕ್ಕೆ, ಮೊದಲು ಯಾವ ರಾಜ್ಯದಲ್ಲಿ ಆಡಿ ಬೆಳೆದರೋ ಆ ರಾಜ್ಯಕ್ಕೇ ಆಡಲಿ ಅಂದರು. ಸ್ಟೇಟ್ ಆಫ್ ಆರಿಜಿನ್ ಶುರುವಾಗಿದ್ದು ಹೀಗೆ.

ಆರ್ಟಿಗೆ ಆಗ 35. ಸಿಡ್ನಿಯ ಪ್ಯಾರಾಮಾಟಾ ಕ್ಲಬ್‌ನ ರಿಸರ್ವ್ ಗ್ರೇಡ್‌ನಲ್ಲಿ, ಅಂದರೆ ಎರಡನೇ ದರ್ಜೆಯ ತಂಡದಲ್ಲಿ, ಆಡುತ್ತಿದ್ದ. ಅವನನ್ನು ಕರೆದು ನಾಯಕ ಮಾಡಿದರು. ಕ್ವೀನ್ಸ್‌ಲ್ಯಾಂಡ್‌ನ ಕೆಂಗಂದು ಜರ್ಸಿಯಲ್ಲಿ ಅವನು ಮೈದಾನಕ್ಕೆ ಇಳಿದಾಗ ಎದ್ದ ಗಲಾಟೆ ಬಗ್ಗೆ ನನ್ನ ಸಹೋದ್ಯೋಗಿ ಈಗಲೂ ಕೈ ಎತ್ತಿ ತೋರಿಸುತ್ತಾ ಹೇಳುತ್ತಾರೆ. ಆಗ ಅವರು ಹುಡುಗ, ಗ್ಯಾಲರಿಯಲ್ಲಿದ್ದರಂತೆ. ಆ ಪಂದ್ಯದಲ್ಲಿ ಆರ್ಟಿ ತನ್ನದೇ ಕ್ಲಬ್‌ನ ಮಿಕ್ ಕ್ರೋನಿನ್‌ಗೆ ಕೈ ಬೀಸಿದ. ಅದು ಗುದ್ದೋ, ಟ್ಯಾಕಲ್‌ನಲ್ಲಿ ಎತ್ತರಕ್ಕೆ ಹೋದ ಕೈಯೋ ಅಂತ ಇವತ್ತಿಗೂ ಜಗಳ. ನನ್ನ ಕಣ್ಣಿಗೆ ಕೈ ಅಂತಲೇ ಕಾಣಿಸುತ್ತದೆ. ಕ್ವೀನ್ಸ್‌ಲ್ಯಾಂಡ್ 20–10ರಿಂದ ಗೆದ್ದಿತು. ಆಗ ಟ್ರೈಗೆ ಮೂರೇ ಪಾಯಿಂಟ್. ಎರಡು ಟ್ರೈ ಆರು, ಉಳಿದ ಹದಿನಾಲ್ಕನ್ನೂ ಮಾಲ್ ಮೆನಿಂಗಾ ಕಾಲಿಂದ ತಂದ. ಏಳಕ್ಕೆ ಏಳು ಗೋಲು. ಅವತ್ತು ಅವನಿಗೆ 20 ತುಂಬಿದ ಹುಟ್ಟುಹಬ್ಬ.

ಆಮೇಲೆ ಆರ್ಟಿ ಕ್ವೀನ್ಸ್‌ಲ್ಯಾಂಡ್‌ಗೆ ಕೋಚ್ ಆಗಿ 1982, 83, 84ರ ಸರಣಿಗಳನ್ನು ಗೆಲ್ಲಿಸಿದ. 2003ರಲ್ಲಿ ರಗ್ಬಿ ಲೀಗ್‌ನ ಏಳನೇ 'ಇಮ್ಮಾರ್ಟಲ್' (ಸಾರ್ವಕಾಲಿಕ ಶ್ರೇಷ್ಠ ಆಟಗಾರರಿಗೆ ಕೊಡುವ ಬಿರುದು) ಅಂತ ಗೌರವ ಸಿಕ್ಕಿತು. ಆ ಪಟ್ಟಿಗೆ ಸೇರಿದ ಮೊದಲ ಪ್ರಾಪ್. 2011ರ ಡಿಸೆಂಬರ್ 1ರಂದು ಗೋಲ್ಡ್ ಕೋಸ್ಟ್‌ನಲ್ಲಿ ಸೈಕಲ್ ಹೊಡೆಯುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡ. 66 ವರ್ಷ. ಲ್ಯಾಂಗ್ ಪಾರ್ಕ್ ಹೊರಗೆ ಅವನ ಪ್ರತಿಮೆ ಇದೆ.

ಸಹೋದ್ಯೋಗಿಗೂ ನನಗೂ ಇರುವ ಜಗಳ ಒಂದೇ. ಅವರು 1980 ಅನ್ನುತ್ತಾರೆ, ನಾನು 1974, 75 ಅನ್ನುತ್ತೇನೆ. "ನೀನು ಆವತ್ತು ಅಲ್ಲಿ ಇರಲಿಲ್ಲ" ಅನ್ನುವುದು ಅವರ ಕೊನೆಯ ಅಸ್ತ್ರ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಈಗಿನ ಪ್ರಾಪ್‌ಗಳ ವಿಷಯಕ್ಕೆ ಬಂದರೆ ಇಬ್ಬರೂ ಒಂದೇ. ಚೆಂಡು ಬಿದ್ದರೆ ಕೋಚ್ ಬೈಯುತ್ತಾರೆ ಅಂತ ಎಷ್ಟೋ ಜನ ಕೈ ಹೊರಗೆ ತೆಗೆಯುವುದೇ ಇಲ್ಲ. ಪಕ್ಕದಲ್ಲೇ ಒಬ್ಬ ಖಾಲಿ ಓಡಿ ಬರುತ್ತಿರುತ್ತಾನೆ, ಇವನು ಚೆಂಡು ಅವಚಿಕೊಂಡು ಬಿದ್ದಿರುತ್ತಾನೆ. ಕೋಚ್‌ಗಳ ಲೆಕ್ಕಾಚಾರ ಸರಿಯೇ ಇರಬಹುದು. ಟಿವಿ ಮುಂದೆ ಕೂತ ನಮಗೆ ಮಾತ್ರ ಮೈ ಉರಿಯುತ್ತದೆ.