‘ಸ್ವಲ್ಪ’ ಅಂದರೆ ಎಷ್ಟು ಅಂತ ನಾನು ಹೇಳಲಿಲ್ಲ

ಆ ಹುಡುಗಿಯ ನೀಲಿ ವೇಲ್ ಮೇಲಿದ್ದ ಬಿಳಿ ಕಲೆಗಳು ಇನ್ನೂ ನನ್ನ ಕಣ್ಣ ಮುಂದೆ ಇವೆ. ಕಲೆ ಕುತ್ತಿಗೆಯ ಹತ್ತಿರ ಮಾತ್ರ ಇದ್ದವು. ಮೊದಲು ನೋಡಿದಾಗ ಪಿಜಿಯಲ್ಲಿ ಯಾರೋ ಬ್ಲೀಚಿಂಗ್ ಪುಡಿ ಚೆಲ್ಲಿರಬೇಕು ಅಂದುಕೊಂಡೆ. ಅರ್ಧ ನಿಮಿಷದ ನಂತರ ಗೊತ್ತಾಯ್ತು, ಅದು ನಾನೇ ಕೊಟ್ಟ ಮೊಡವೆ ಜೆಲ್‌ನ ಕೆಲಸ ಅಂತ.

ನಾನು ಧಾರವಾಡದ ಸಪ್ತಾಪುರದ ಕಡೆ ಒಂದು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಕೌಂಟರ್‌ನಲ್ಲಿ ನಿಂತು ಒಂಬತ್ತು ವರ್ಷ ಆಯ್ತು. ನಮ್ಮ ಗಿರಾಕಿಗಳಲ್ಲಿ ಕೋಚಿಂಗ್‌ಗೆ ಬಂದವರೇ ಜಾಸ್ತಿ. ಹಾವೇರಿ, ಗದಗ, ಬಾಗಲಕೋಟೆ ಕಡೆಯಿಂದ ಬಂದು, ಪಿಜಿಯಲ್ಲಿದ್ದು, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುವ ಮಕ್ಕಳು. ಮೊಡವೆ ಜೆಲ್ ನಮ್ಮಲ್ಲಿ ದಿನಾ ಹೋಗುವ ಮಾಲು. ದಿನಾ ಕೊಡುವ ಔಷಧಿ ಅಂದರೆ ಕೈ ತಾನಾಗೇ ಓಡುತ್ತದೆ, ಬಾಯಿ ಸುಮ್ಮನಿರುತ್ತದೆ. ನನ್ನ ತಪ್ಪು ಶುರುವಾಗಿದ್ದು ಅಲ್ಲೇ.

ಅವಳು ಮೊದಲ ಸಲ ಬಂದಿದ್ದು ಒಂದು ಸೋಮವಾರ ಸಂಜೆ, ಕ್ಲಾಸ್ ಬಿಡುವ ಹೊತ್ತಿಗೆ. ಆ ಹೊತ್ತಲ್ಲಿ ಕೌಂಟರ್ ಮುಂದೆ ಹತ್ತು ಜನ ಇರುತ್ತಾರೆ, ಹತ್ತೂ ಜನಕ್ಕೆ ಮೆಸ್ ಬಾಗಿಲು ಹಾಕುವ ಭಯ. ಚೀಟಿಯಲ್ಲಿ ಅಡಾಪಲೀನ್ 0.1, ಬೆಂಜಾಯ್ಲ್ ಪೆರಾಕ್ಸೈಡ್ 2.5 ಜೆಲ್, ಎಲ್‌ಎ, ಎಚ್‌ಎಸ್, ಅಂದರೆ ಮೇಲೆ ಹಚ್ಚಲು, ರಾತ್ರಿ ಮಲಗುವಾಗ. ಅದರ ಕೆಳಗೆ ಮಾಯಿಶ್ಚರೈಸರ್, ಸನ್‌ಸ್ಕ್ರೀನ್.

‘ಎಲ್ಲಾ ಸೇರಿ ಎಷ್ಟಾಗ್ತದ್ರಿ ಅಕ್ಕಾ?’ ಅಂತ ಕೇಳಿದಳು. ಹೇಳಿದೆ. ‘ಹಂಗಾರ ಟ್ಯೂಬ್ ಅಷ್ಟ ಕೊಡ್ರಿ. ಕೆಳಗಿಂದು ಮುಂದಿನ ತಿಂಗಳ ನೋಡ್ತೀನಿ’ ಅಂದಳು.

ಜೆಲ್ ಬಿಲ್ ಮಾಡುತ್ತಿದ್ದಂತೆ ಸ್ಕ್ರೀನ್ ಮೇಲೆ ಹಳದಿ ಡಬ್ಬಿ ಬಂತು. ಮೊಡವೆ ಔಷಧಿ ಹೊಡೆದರೆ ಸಾಲಿಸಿಲಿಕ್ ಆ್ಯಸಿಡ್ ಫೇಸ್‌ವಾಶ್ ಕೊಡಿ ಅಂತ ನೆನಪಿಸುವ ಡಬ್ಬಿ ಅದು. ತಿಂಗಳ ಕೊನೆ. ಟಾರ್ಗೆಟ್‌ಗೆ ಇನ್ನೂ ಎಂಟು ಪೀಸ್ ಬಾಕಿ ಇತ್ತು. ‘ಇದರ ಜೊತೆ ಇದು ಚಲೋ ಆಗ್ತದ’ ಅಂದೆ. ಅವಳು ಪರ್ಸ್‌ನಲ್ಲಿ ನೋಟು ಎಣಿಸಿ, ಸ್ವಲ್ಪ ಯೋಚಿಸಿ, ತಗೊಂಡಳು. ಅವಳ ಕೈಯಲ್ಲಿದ್ದ ಆ ದುಡ್ಡು ಮಾಯಿಶ್ಚರೈಸರ್‌ಗೆ ಹೋಗಬೇಕಿತ್ತು. ನಾನು ಅದನ್ನು ಫೇಸ್‌ವಾಶ್‌ಗೆ ಹಾಕಿಸಿದೆ. ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಚುಚ್ಚುವುದು ಇದೇ.

ಹೊರಡುವಾಗ ಕೇಳಿದಳು, ‘ಎಷ್ಟು ಹಚ್ಚಬೇಕ್ರಿ?’

‘ಸ್ವಲ್ಪ ಹಚ್ಚು, ರಾತ್ರಿ’ ಅಂದೆ. ಆಗಲೇ ಮುಂದಿನವರ ಚೀಟಿ ನನ್ನ ಕೈಯಲ್ಲಿತ್ತು.

ಮುಂದಿನ ಸೋಮವಾರ ಮತ್ತೆ ಬಂದಳು. ಮಾಸ್ಕ್ ಹಾಕಿದ್ದಳು. ಧೂಳು ಅಂತ ಎಷ್ಟೋ ಜನ ಹಾಕುತ್ತಾರೆ, ನಾನೂ ಗಮನಿಸಲಿಲ್ಲ. ಖಾಲಿ ಟ್ಯೂಬ್ ಕೌಂಟರ್ ಮೇಲೆ ಇಟ್ಟು, ‘ಇನ್ನೊಂದು ಕೊಡ್ರಿ ಅಕ್ಕಾ’ ಅಂದಳು. ರ‍್ಯಾಕ್‌ನಿಂದ ತೆಗೆದು ಸ್ಕ್ಯಾನ್ ಕೂಡ ಮಾಡಿದೆ. ಕೈ ತಡೆದದ್ದು ಆ ಖಾಲಿ ಟ್ಯೂಬ್ ನೋಡಿ. ಕೆಳಗಿನಿಂದ ಸುರುಳಿ ಸುತ್ತಿ, ಕೊನೆಯ ಹನಿಯನ್ನೂ ಹಿಂಡಿದ್ದಳು. ಹದಿನೈದು ಗ್ರಾಂ ಟ್ಯೂಬ್. ಸರಿಯಾಗಿ ಹಚ್ಚಿದರೆ ಒಂದು ತಿಂಗಳ ಮೇಲೆಯೇ ಬರಬೇಕು.

‘ಎಷ್ಟ ದಿನಕ್ಕ ಮುಗೀತು?’

‘ಆರ ದಿನ ಆತ್ರಿ. ಮುಂಜಾನೆ ಸಂಜೆ ಎರಡೂ ಹೊತ್ತು ಹಚ್ಚೀನಿ. ಲಗೂ ಕಡಿಮಿ ಆಗ್ಲಿ ಅಂತ.’

ಆಗ ವೇಲ್ ನೋಡಿದೆ. ಬೆಂಜಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ. ಟವೆಲ್, ದಿಂಬಿನ ಕವರ್ ಹಾಳಾಯ್ತು ಅಂತ ಎಷ್ಟೋ ಜನ ಬಂದು ಹೇಳಿದ್ದಾರೆ. ಹಗಲು ಹೊತ್ತಿನ ವೇಲ್ ಮೇಲೆ ಅಷ್ಟು ಕಲೆ ಅಂದರೆ, ಜೆಲ್ ಮುಖದಿಂದ ಕುತ್ತಿಗೆಗೆ ಇಳಿಯುವಷ್ಟು ಹಚ್ಚಿಕೊಂಡು ಬಿಸಿಲಿಗೆ ಹೋಗಿದ್ದಾಳೆ ಅಂತ ಅರ್ಥ.

ಮಾಸ್ಕ್ ತೆಗಿ ಅಂದೆ. ಕೆನ್ನೆ ಎರಡೂ ಕೆಂಪು. ಬಾಯಿಯ ಮೂಲೆ ಬಿರಿದಿತ್ತು. ಮೂಗಿನ ಪಕ್ಕದ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದಿತ್ತು. ಕಣ್ಣಿನ ಕೆಳಗೆ ಸಣ್ಣ ಊತ. ಆ ಊತ ನೋಡಿ ನನ್ನ ಎದೆ ಧಸಕ್ ಅಂತು. ಜೆಲ್‌ಗೆ ಚರ್ಮ ಉರಿಯುವುದು ಬೇರೆ, ಅಲರ್ಜಿ ಬೇರೆ. ಇಂಥ ಔಷಧಿಯಿಂದ ಅಪರೂಪಕ್ಕೆ ಗಂಭೀರ ಅಲರ್ಜಿ ಆಗಬಹುದು ಅಂತ 2014ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು. ಓದಿದ್ದು ನೆನಪಿತ್ತು, ಎದುರಿಗೆ ಯಾವತ್ತೂ ಕಂಡಿರಲಿಲ್ಲ.

ಒಂದೊಂದಾಗಿ ಕೇಳಿದೆ. ಉಸಿರಾಡಲು ತ್ರಾಸು ಇದೆಯಾ? ಗಂಟಲು ಬಿಗಿದಂತೆ ಆಗುತ್ತಾ? ತುಟಿ, ನಾಲಿಗೆ ಊದಿದೆಯಾ? ಮೈ ಮೇಲೆ ಗಂಧೆ ಎದ್ದಿದೆಯಾ? ತಲೆ ಸುತ್ತು? ಎಲ್ಲಕ್ಕೂ ಇಲ್ಲ ಅಂದಳು. ಇವುಗಳಲ್ಲಿ ಒಂದಕ್ಕೆ ಹೌದು ಅಂದಿದ್ದರೂ ಅಲ್ಲಿಂದಲೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಉರಿ ಇದೆ, ನೀರು ಬಿದ್ದರೆ ಖಾರ ಹಚ್ಚಿದಂತೆ ಆಗುತ್ತದೆ ಅಂದಳು. ದಿನಕ್ಕೆ ಮೂರು ಸಲ ಅದೇ ಫೇಸ್‌ವಾಶ್‌ನಿಂದ ತೊಳೆಯುತ್ತಿದ್ದಳಂತೆ. ನಾನು ಮಾರಿದ ಫೇಸ್‌ವಾಶ್.

ಡಾಕ್ಟರ ಕ್ಲಿನಿಕ್‌ಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಹಿಂದೆ ಯಾರೋ ‘ಅಕ್ಕಾರ, ಒಂದು ಓಆರ್‌ಎಸ್’ ಅಂತಿದ್ದಾರೆ. ಅಷ್ಟರಲ್ಲಿ ಅವಳು ಅಳು ತಡೆದುಕೊಂಡು ಹೇಳಿದಳು, ‘ಆಯಿತವಾರ ಪರೀಕ್ಷೆ ಐತ್ರಿ. ಹಾಲ್ ಟಿಕೆಟ್ ಫೋಟೋದಾಗ ಇದ್ದಂಗ ಮುಖ ಇಲ್ಲಲ್ರಿ. ಒಳಗ ಬಿಡ್ತಾರೋ ಇಲ್ಲೋ. ಲಗೂ ಕಡಿಮಿ ಆಗೂ ಹಂಗ ಏನರ ಕೊಡ್ರಿ ಅಕ್ಕಾ.’

ಆ ಮಾತು ಕೇಳಿ ನನ್ನ ಕೈ ಹೋಗಿದ್ದು ಸ್ಟಿರಾಯ್ಡ್ ಕ್ರೀಮ್ ಇರುವ ರ‍್ಯಾಕ್‌ಗೆ. ಸುಳ್ಳು ಹೇಳುವುದಿಲ್ಲ. ಟ್ಯೂಬ್ ಕೈಗೂ ಬಂತು. ಎರಡು ದಿನ ಹಚ್ಚಿದರೆ ಕೆಂಪು ಇಳಿಯುತ್ತದೆ, ಭಾನುವಾರದ ಹೊತ್ತಿಗೆ ಮುಖ ನುಣ್ಣಗೆ ಕಾಣುತ್ತದೆ. ಅವಳಿಗೂ ಖುಷಿ, ನನ್ನ ತಪ್ಪೂ ಮುಚ್ಚಿಹೋಗುತ್ತದೆ. ಆದರೆ ಮುಂದೆ ಏನಾಗುತ್ತದೆ ಅಂತ ನನಗೆ ಗೊತ್ತು. ಚಲೋ ಆಯ್ತು ಅಂತ ಹಚ್ಚುತ್ತಲೇ ಇರುತ್ತಾರೆ, ಗೆಳತಿಗೂ ಹೇಳುತ್ತಾರೆ. ಬಿಟ್ಟ ಕೂಡಲೇ ಮುಖ ಮತ್ತೆ ಉರಿಯುತ್ತದೆ. ಚರ್ಮ ತೆಳ್ಳಗಾಗುತ್ತದೆ, ರಕ್ತನಾಳ ಕಾಣುತ್ತವೆ, ಸ್ಟಿರಾಯ್ಡ್‌ನಿಂದಲೇ ಹೊಸ ಮೊಡವೆ ಏಳುತ್ತವೆ. ಇಂಥ ಕ್ರೀಮ್‌ಗಳನ್ನು 2018ರಲ್ಲಿ ಷೆಡ್ಯೂಲ್ ಎಚ್, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯ ಅಡಿ ಬಿಗಿ ಮಾಡಿದ್ದೇ ಈ ಕಾರಣಕ್ಕೆ. ಮುಖಕ್ಕೆ ಅದು ಬೇಕೋ ಬೇಡವೋ ಹೇಳಬೇಕಾದವರು ಡಾಕ್ಟರು, ನಾನಲ್ಲ. ವಾಪಸ್ ಇಟ್ಟೆ.

ಮೂರನೇ ಸಲಕ್ಕೆ ಡಾಕ್ಟರ್ ಸಿಕ್ಕರು. ಜೆಲ್ ನಿಲ್ಲಿಸಿ, ಫೇಸ್‌ವಾಶ್ ಬಿಡಲಿ, ಬರೀ ನೀರು ಮತ್ತು ವಾಸನೆ ಇಲ್ಲದ ಮಾಯಿಶ್ಚರೈಸರ್, ನಾಳೆ ಬೆಳಿಗ್ಗೆ ಮೊದಲ ಪೇಷಂಟ್ ಆಗಿ ಕಳಿಸಿ ಅಂದರು. ಮಾಯಿಶ್ಚರೈಸರ್ ನಾನೇ ಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ‘ಅಕ್ಕಾ, ತಪ್ಪು ನಂದಾ?’ ಅಂತ ಕೇಳಿದಳು. ‘ಅಲ್ಲ, ನಂದು. ನಾನು ಸರಿಯಾಗಿ ಹೇಳಲಿಲ್ಲ’ ಅಂದೆ. ಮಾಲೀಕರು ಪಕ್ಕದಲ್ಲೇ ಇದ್ದರು. ಗಿರಾಕಿ ಮುಂದೆ ಹಾಗೆಲ್ಲ ಒಪ್ಪಿಕೊಳ್ಳಬಾರದು ಅಂತ ಆಮೇಲೆ ಬೈದರು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಆದರೆ ಅವಳು ಈಗ ಕೇಳಿದರೂ ತಪ್ಪು ನಂದೇ ಅಂತ ಹೇಳುತ್ತೇನೆ.

ಪರೀಕ್ಷೆ ಬರೆದಳು. ಒಳಗೆ ಬಿಟ್ಟರಂತೆ. ಚರ್ಮ ಪೂರ್ತಿ ಆರಿದ ಮೇಲೆ ಡಾಕ್ಟರ್ ಅದೇ ಜೆಲ್ ಮತ್ತೆ ಶುರು ಮಾಡಿಸಿದರು. ವಾರಕ್ಕೆ ಎರಡೇ ರಾತ್ರಿ, ಮೊದಲು ಮಾಯಿಶ್ಚರೈಸರ್, ಆಮೇಲೆ ಜೆಲ್. ಅಂದರೆ ಔಷಧಿ ತಪ್ಪಲ್ಲ, ಹಚ್ಚಿದ ರೀತಿ ತಪ್ಪು.

ಈಗ ಈ ಜೆಲ್ ಕೊಡುವಾಗ ನಾನು ಮೊದಲು ನನ್ನ ಬೆರಳ ತುದಿ ತೋರಿಸುತ್ತೇನೆ. ಒಂದು ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ. ‘ಇಡೀ ಮುಖಕ್ಕೆ’ ಅನ್ನುವುದನ್ನು ಎರಡು ಸಲ ಹೇಳುತ್ತೇನೆ. ಯಾಕಂದರೆ ಒಬ್ಬ ಹುಡುಗ ಒಂದೊಂದು ಮೊಡವೆಗೆ ಒಂದೊಂದು ಬಟಾಣಿ ಇಟ್ಟುಕೊಂಡು ಬಂದಿದ್ದ. ಹಣೆ, ಕೆನ್ನೆ, ಗದ್ದಕ್ಕೆ ಚುಕ್ಕೆ ಇಟ್ಟು ತೆಳ್ಳಗೆ ಹರಡಬೇಕು. ಕಣ್ಣು, ತುಟಿ, ಮೂಗಿನ ಮೂಲೆ ಬಿಡಬೇಕು. ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ರಾತ್ರಿ ಮಾತ್ರ. ಹಗಲು ಸನ್‌ಸ್ಕ್ರೀನ್, ಅದರಲ್ಲೂ ಫಿಸಿಕಲ್‌ಗೆ, ಅಂದರೆ ದೈಹಿಕ ಪರೀಕ್ಷೆಗೆ, ಗ್ರೌಂಡ್‌ನಲ್ಲಿ ಓಡುವವರಿಗೆ. ಸ್ಕ್ರಬ್, ಲಿಂಬೆಹಣ್ಣು, ಮುಖದ ವ್ಯಾಕ್ಸಿಂಗ್ ಬೇಡ. ಬಿಳಿ ಟವೆಲ್ ಇಟ್ಟುಕೊಳ್ಳಿ.

ಬೇಗ ಆಗುವುದಿಲ್ಲ ಅನ್ನುವುದನ್ನೂ ಮುಂಚೆಯೇ ಹೇಳಬೇಕು. ಮೊದಲ ಎರಡು ಮೂರು ವಾರ ಸ್ವಲ್ಪ ಒಣಗುತ್ತದೆ, ಮೊಡವೆ ಹೆಚ್ಚಾದಂತೆ ಕೂಡ ಕಾಣಬಹುದು. ಸರಿಯಾದ ಫಲ ಕಾಣಲು 8ರಿಂದ 12 ವಾರ ಬೇಕು. ಇದು ಗೊತ್ತಿಲ್ಲದವರು ಎರಡನೇ ವಾರಕ್ಕೆ ಬಿಡುತ್ತಾರೆ, ಇಲ್ಲವೇ ಅವಳಂತೆ ಎರಡು ಪಟ್ಟು ಹಚ್ಚುತ್ತಾರೆ. ಇನ್ನೊಂದು ಪ್ರಶ್ನೆ ನಾನು ಮೊದಲು ಸಂಕೋಚಕ್ಕೆ ಕೇಳುತ್ತಿರಲಿಲ್ಲ. ಮದುವೆಯಾದ ಹೆಣ್ಣುಮಕ್ಕಳನ್ನು ಪಕ್ಕಕ್ಕೆ ಕರೆದು, ಬಸುರಿಯೇ, ಮಗುವಿನ ಯೋಚನೆ ಇದೆಯೇ ಅಂತ ಈಗ ಕೇಳುತ್ತೇನೆ. ಹೌದು ಅಂದರೆ ಟ್ಯೂಬ್ ಕೊಡದೆ ಡಾಕ್ಟರ ಹತ್ತಿರ ವಾಪಸ್ ಕಳಿಸುತ್ತೇನೆ. ಅಡಾಪಲೀನ್, ಟ್ರೆಟಿನಾಯಿನ್ ಗುಂಪಿನ ಔಷಧಿ ಆಗ ಬೇಡ.

ಇಷ್ಟು ಹೇಳಲು ಎರಡು ನಿಮಿಷ ಸಾಕು. ಆದರೆ ಸಂಜೆ ಏಳೂವರೆಗೆ ಆ ಎರಡು ನಿಮಿಷಕ್ಕೂ ಜಗಳ ಆಡಬೇಕು. ನಮ್ಮ ಸಾಫ್ಟ್‌ವೇರ್ ಬ್ಯಾಚ್ ತೋರಿಸುತ್ತದೆ, ಎಕ್ಸ್‌ಪೈರಿ ತೋರಿಸುತ್ತದೆ, ಯಾವ ಕಂಪನಿಯದರಲ್ಲಿ ಮಾರ್ಜಿನ್ ಜಾಸ್ತಿ ಅಂತಲೂ ತೋರಿಸುತ್ತದೆ. ಹೇಗೆ ಹಚ್ಚಬೇಕು ಅಂತ ಕನ್ನಡದಲ್ಲಿ ಒಂದು ಸಾಲು ಪ್ರಿಂಟ್ ಮಾಡಲು ಅದರಲ್ಲಿ ಜಾಗ ಇಲ್ಲ. ಡಬ್ಬಿಯೊಳಗಿನ ಕಾಗದ ಇರುವೆ ಅಕ್ಷರದ ಇಂಗ್ಲಿಷ್. ಹಾಗಾಗಿ ನಾನೇ ಕನ್ನಡದಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಟ್ಯೂಬ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಿದ್ದೇನೆ. ಜೆರಾಕ್ಸ್ ಖರ್ಚು ಸದ್ಯ ನನ್ನದೇ.

ಆ ಫೇಸ್‌ವಾಶ್ ಇನ್ನೂ ಬಿಲ್ಲಿಂಗ್ ಪಕ್ಕದ ಸ್ಟ್ಯಾಂಡ್‌ನಲ್ಲೇ ಇದೆ. ಅಲ್ಲಿ ಮಾಯಿಶ್ಚರೈಸರ್ ಇಡೋಣ ಅಂತ ಮಾಲೀಕರಿಗೆ ಎರಡು ಸಲ ಹೇಳಿದ್ದೇನೆ. ಈ ವಾರ ಮತ್ತೆ ಕೇಳುತ್ತೇನೆ.