ಕಾಡುಪಾಪ ಹುಡುಕೋಕೆ ಹೋದ್ರೆ ಮರದ ಲೆಕ್ಕ ಬರೀಬೇಕು

ಬೆಂಗಳೂರಲ್ಲಿ ಕಾಡುಪಾಪ ಇದೆ ಅಂದ್ರೆ ನಮ್ಮ ಆಫೀಸಲ್ಲಿ ಅರ್ಧ ಜನ ನಂಬಲ್ಲ, ಇನ್ನರ್ಧ ಜನಕ್ಕೆ ಕಾಡುಪಾಪ ಅಂದ್ರೇನೇ ಗೊತ್ತಿಲ್ಲ. ಇನ್ನೂರು ಮುನ್ನೂರು ಗ್ರಾಂ ತೂಗೋ, ಬಾಲ ಇಲ್ದಿರೋ, ಸಣಕಲು ಕೈಕಾಲಿನ, ಮುಖದ ತುಂಬ ಕಣ್ಣೇ ಇರೋ ಪ್ರಾಣಿ, ಕೋತಿಗೆ ದೂರದ ನೆಂಟ, ಇಂಗ್ಲಿಷಲ್ಲಿ ಸ್ಲೆಂಡರ್ ಲೋರಿಸ್. ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಕ್ಯಾಂಪಸ್ಸಲ್ಲಿದೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಲ್ಲಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರೋ ಶೆಡ್ಯೂಲ್ ಒಂದರಲ್ಲೇ (ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿ) ಇದೂ ಇದೆ, ಆದ್ರೆ ಹುಲಿಗೆ ನಾಲ್ಕು ವರ್ಷಕ್ಕೊಂದ್ಸಲ ಗಣತಿ, ಪೇಪರಲ್ಲಿ ಫುಲ್ ಪೇಜು, ಇದಕ್ಕೆ ಮಾತ್ರ ರಾತ್ರಿ ಊಟ ಮುಗಿಸ್ಕೊಂಡು ಬರೋ ನಮ್ಮಂಥ ವಾಲಂಟಿಯರ್‌ಗಳೇ ಗತಿ. 2014ರಲ್ಲಿ ಅರ್ಬನ್ ಸ್ಲೆಂಡರ್ ಲೋರಿಸ್ ಪ್ರಾಜೆಕ್ಟ್ ಅಂತ ಇಲ್ಲಿ ಶುರುವಾದಾಗ್ಲೂ ಸಾಮಾನ್ಯ ಜನರನ್ನ ಸೇರಿಸ್ಕೊಂಡೇ ಹುಡುಕಿದ್ದು.

ಕೆಲಸ ಏನಂದ್ರೆ ತಲೆಗೆ ಹೆಡ್‌ಲ್ಯಾಂಪ್, ಅದಕ್ಕೆ ಕೆಂಪು ಗಾಜಿನ ಕಾಗದ ಸುತ್ತಿರ್ತೀವಿ (ಬಿಳಿ ಲೈಟ್ ಬಿಟ್ರೆ ಪಾಪ ಅದರ ಕಣ್ಣು ಕುಕ್ಕುತ್ತೆ), ಗುರುತು ಮಾಡಿರೋ ದಾರೀಲಿ ನಿಧಾನಕ್ಕೆ, ಮಾತಾಡ್ದೆ, ಕೊಂಬೆ ಕೊಂಬೆ ನೋಡ್ಕೊಂಡು ನಡೆಯೋದು. ಪ್ರಾಣಿ ಕಾಣಲ್ಲ, ಮೊದ್ಲು ಕಾಣೋದು ಕಣ್ಣು. ಪುನುಗು ಬೆಕ್ಕಿನ ಕಣ್ಣೂ ಮರದ ಮೇಲೆ ಹೊಳೆಯುತ್ತೆ, ಹುಲ್ಲಲ್ಲಿ ಜೇಡದ ಕಣ್ಣು ಪಿಳಿಪಿಳಿ ಅಂತಿರುತ್ತೆ, ಹೊಸಬರು ಎಲ್ಲದಕ್ಕೂ ಭುಜ ತಟ್ಟಿ ಕರೀತಾರೆ. ಕಾಡುಪಾಪದ್ದು ಒಂದಕ್ಕೊಂದು ತೀರಾ ಹತ್ತಿರ ಇರೋ ಎರಡು ಕಿತ್ತಳೆ ಕೆಂಡ, ನೇರ ನಮ್ಮನ್ನೇ ನೋಡ್ತಿರುತ್ತೆ, ಆಮೇಲೆ ತಲೆ ತಿರುಗಿಸಿದಾಗ ಒಂದು ಆರುತ್ತೆ, ಇನ್ನೊಂದು ಆರುತ್ತೆ, ಅಷ್ಟೇ, ಮುಗೀತು. ನಮ್ಮ ಅದೃಷ್ಟ ಚೆನ್ನಾಗಿದ್ರೆ ಅದು ಕೈ ಮೇಲೆ ಕೈ ಇಟ್ಟು ಹೊಂಗೆ ಕೊಂಬೆ ಮೇಲೆ ತೆವಳ್ತಾ ಹೋಗೋದು ಕಾಣುತ್ತೆ. ಒಂದ್ಸಲ ಒಂದು ನಮ್ಮ ಎದುರೇ ಅಂಗೈಗೆ ಉಚ್ಚೆ ಮಾಡ್ಕೊಂಡು ಕೈ ಕಾಲಿಗೆಲ್ಲ ಉಜ್ಕೊಳ್ತು, ಚುಚ್ಚೋ ಇರುವೆ ಗಿರುವೆ ತಿನ್ನೋ ಮುಂಚೆ ಹಾಗೆ ಮಾಡುತ್ತಂತೆ, ಪಕ್ಕದಲ್ಲಿದ್ದ ಕಾಲೇಜು ಹುಡುಗ ನಗು ತಡ್ಕೊಳಕ್ಕಾಗ್ದೆ ಕೂತ್ಬಿಟ್ಟ.

ಇದೆಲ್ಲ ಅಪರೂಪ. ಹೆಚ್ಚಿನ ರಾತ್ರಿ ಏನೂ ಸಿಗಲ್ಲ, ಮತ್ತೆ ಫಾರ್ಮ್ ತುಂಬೋಕೆ ಯಾರಿಗೂ ಮನಸ್ಸಿರಲ್ಲ. "ಏನೂ ಕಾಣ್ಲಿಲ್ವಲ್ಲ, ಏನ್ ಬರೀಲಿ" ಅಂತಾರೆ. ನನ್ನ ಜಗಳ ಇಲ್ಲೇ. ಸೊನ್ನೆ ಬರೀಬೇಕು ಕಣ್ರಪ್ಪ! ಅದೇ ದಾರೀಲಿ ಮತ್ತೆ ಮತ್ತೆ ಹೋಗಿ, ಕೆಲವು ಸಲ ಕಂಡು ಕೆಲವು ಸಲ ಕಾಣ್ದಿದ್ರೆ ತಾನೇ, ಪ್ರಾಣಿ ಇದ್ರೂ ನಮ್ಮ ಕಣ್ಣಿಗೆ ಎಷ್ಟು ಸಲ ತಪ್ಪಿಸ್ಕೊಳ್ಳುತ್ತೆ ಅನ್ನೋದರ ಲೆಕ್ಕ ಸಿಗೋದು. ಆ ಲೆಕ್ಕ ಇಲ್ದೆ ಯಾವ ಜಾಗದ ಬಗ್ಗೆನೂ "ಇಲ್ಲಿ ಇಲ್ಲ" ಅನ್ನೋ ಹಾಗಿಲ್ಲ, "ನಮಗೆ ಕಾಣ್ಲಿಲ್ಲ" ಅಂತಷ್ಟೇ ಹೇಳ್ಬಹುದು.

ಅಷ್ಟಕ್ಕೂ ನಮ್ಮ ರಾಜ್ಯದಲ್ಲೇ ನೋಡಿ, 2014ರ ಸುಮಾರಿಗೆ ಕಾವೇರಿ ವನ್ಯಧಾಮದಲ್ಲಿ ತರಕರಡಿ (ಇಂಗ್ಲಿಷಲ್ಲಿ ಹನಿ ಬ್ಯಾಜರ್) ಕ್ಯಾಮೆರಾಗೆ ಬಿತ್ತು. ಅದು ನಿನ್ನೆ ಮೊನ್ನೆ ಬಂದು ಸೇರ್ಕೊಂಡಿದ್ದಲ್ಲ ತಾನೇ, ಕ್ಯಾಮೆರಾ ಕಟ್ಟಿದ್ದು ತಡ ಅಷ್ಟೇ. ಶಿರಾ ಹತ್ರದ ಬುಕ್ಕಾಪಟ್ಟಣದ್ದೂ ಹಾಗೇ, ಕುರುಚಲು ಕಾಡು ಅಂತ ಯಾರೂ ಮೂಸಿ ನೋಡ್ತಿರ್ಲಿಲ್ಲ, ಅಲ್ಲಿ ಚಿಂಕಾರ ಅನ್ನೋ ಸಣ್ಣ ಹುಲ್ಲೆ ಇರೋದು ಫೋಟೋ ಸಮೇತ ಗೊತ್ತಾದ್ಮೇಲೆ 2019ರಲ್ಲಿ ಅದು ಚಿಂಕಾರ ವನ್ಯಧಾಮ ಆಯ್ತು. ಮ್ಯಾಪಲ್ಲಿ ಖಾಲಿ ಇರೋ ಜಾಗ ಅಂದ್ರೆ ಬಹಳ ಸಲ ಯಾರೂ ಹೋಗಿ ನೋಡ್ದಿರೋ ಜಾಗ.

ನಮ್ಮ ಫಾರ್ಮಲ್ಲಿ ಪ್ರಾಣಿಗಿಂತ ಮರದ ಕಾಲಮ್ಮೇ ಜಾಸ್ತಿ. ಯಾವ ಮರ, ಎದೆ ಎತ್ತರದಲ್ಲಿ ಸುತ್ತಳತೆ ಎಷ್ಟು, ಪಕ್ಕದ ಮರಕ್ಕೆ ಕೊಂಬೆ ತಾಗುತ್ತಾ ಇಲ್ವಾ, ಬಳ್ಳಿ ಇದ್ಯಾ, ಬೀದಿ ದೀಪ ಎಷ್ಟು ದೂರ. ಮುಖ್ಯ ಆಗೋದು ಆ ಕೊಂಬೆ ತಾಗೋ ವಿಷಯ, ಯಾಕಂದ್ರೆ ಕಾಡುಪಾಪ ಕೋತಿ ತರ ಹಾರಲ್ಲ. ಎರಡು ಮರದ ಮಧ್ಯೆ ಒಂದು ಆಳಗಲ ಸಂದಿ ಬಿದ್ರೂ ಅದು ಕೆಳಗಿಳಿದೇ ದಾಟ್ಬೇಕು, ಇಳಿದ್ರೆ ನಾಯಿ, ಇಳೀದೆ ಕರೆಂಟ್ ತಂತಿ ಹಿಡಿದ್ರೆ ಅಲ್ಲೇ ಸಾವು. ನಾವು ಓಡಾಡೋ ಒಂದು ದಾರೀಲಿ ಮಳೆಗಾಲಕ್ಕೆ ಮುಂಚೆ ರಸ್ತೆ ಎರಡೂ ಕಡೆ ಕೊಂಬೆ ಬೋಳಿಸಿದ್ರು, ಒಂದು ಮರವೂ ಉರುಳ್ಲಿಲ್ಲ, ಆದ್ರೆ ಮೇಲಿನ ಸೇತುವೆ ಹೋಯ್ತು. ಮರ ಎಣಿಸಿದ್ರೆ ನಷ್ಟ ಸೊನ್ನೆ ಅಂತ ಬರುತ್ತೆ! ಪಾರ್ಕಲ್ಲಿ ಬಳ್ಳಿ ಪೊದೆ ಎಲ್ಲ ಕಿತ್ತು "ಕ್ಲೀನ್" ಮಾಡೋದೂ ಇದೇ ಕಥೆ, ಹಗಲೆಲ್ಲ ಅದು ಮುದುಡ್ಕೊಂಡು ಮಲಗೋದೇ ಅಂಥ ಸಿಕ್ಕಿನೊಳಗೆ.

ಒಂದು ಮಾತು ಹೇಳ್ಬೇಕು, ಹೆಡ್‌ಲ್ಯಾಂಪ್‌ಗಿಂತ ಸೆಕ್ಯೂರಿಟಿಯವರೇ ಜಾಸ್ತಿ ಉಪಯೋಗಕ್ಕೆ ಬಂದಿದ್ದಾರೆ. ಒಂದು ಕ್ಯಾಂಪಸ್ ಗೇಟಲ್ಲಿ ವಯಸ್ಸಾದ ಗಾರ್ಡ್ ಒಬ್ರು "ಏನ್ ಮೇಡಂ, ಏನಾದ್ರೂ ಕಳ್ಕೊಂಡ್ರಾ?" ಅಂದ್ರು, ಮೊಬೈಲಲ್ಲಿ ಫೋಟೋ ತೋರಿಸ್ದೆ. "ಅಯ್ಯೋ ಇದಾ, ಮೋಟರ್ ಮನೆ ಹಿಂದೆ ಬಿದಿರು ಮೆಳೆ ಐತಲ್ಲ, ಬೆಳಗಿನ ಜಾವ ಅಲ್ಲಿ ಶಿಳ್ಳೆ ಹೊಡೀತದೆ ನೋಡಿ" ಅಂದ್ರು. ಹೌದು, ಕಾಡುಪಾಪ ಶಿಳ್ಳೆ ಹೊಡೆಯುತ್ತೆ, ನಮ್ಮ ದಾರಿ ಆ ಮೆಳೆ ಕಡೆ ಹೋಗ್ತಾನೇ ಇರ್ಲಿಲ್ಲ. ಈಗ ಹೋಗುತ್ತೆ.

ಯಾವ ಕ್ಯಾಂಪಸ್ ಅಂತ ಕಾಮೆಂಟಲ್ಲಿ ಕೇಳ್ಬೇಡಿ, ಹೇಳಲ್ಲ. ಮಾಟ ಮಂತ್ರ ಅಂತ ಈ ಪ್ರಾಣೀನ ಹಿಡಿದು ಹಿಂಸೆ ಕೊಡೋ ಜನ ಇನ್ನೂ ಇದಾರೆ, ಅದಕ್ಕೇ ಕರಾರುವಾಕ್ ಜಾಗ ನಮ್ಮ ಶೀಟಲ್ಲಿ ಮಾತ್ರ ಇರುತ್ತೆ, ಇನ್‌ಸ್ಟಾದಲ್ಲಿ ಇರಲ್ಲ. ನಿಮ್ಮ ಲೇಔಟಲ್ಲೇ ಕಂಡ್ರೆ ಐನ್ಯಾಚುರಲಿಸ್ಟ್‌ಗೆ (ಕಂಡ ಪ್ರಾಣಿ, ಗಿಡದ ಫೋಟೋ ಹಾಕೋ ಆ್ಯಪ್) ಹಾಕಿ, ಅಪಾಯದಲ್ಲಿರೋ ಪ್ರಾಣಿಗಳ ಲೊಕೇಶನ್ ಅದು ತಾನೇ ಮಸುಕು ಮಾಡುತ್ತೆ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಮಾತ್ರ ದಯವಿಟ್ಟು ಹಾಕ್ಬೇಡಿ.