ಜೇಷ್ಠಮಧು ಕ್ಯಾಂಡಿ: ಪಾಕ ತಪ್ಪದಂತೆ ಮಾಡುವುದು

ಮನೆಯಲ್ಲಿ ಲಿಕೊರೈಸ್, ಅಂದರೆ ಜೇಷ್ಠಮಧು, ಕ್ಯಾಂಡಿ ಮಾಡಿದವರು ಹೆಚ್ಚಾಗಿ ಹೇಳುವುದು ಒಂದೇ, ಅಂಗಡಿಯದರ ರುಚಿ ಬರಲಿಲ್ಲ ಅಂತ. ಜೇಷ್ಠಮಧುವಿನಿಂದ ಬರುವುದು ನಾಲಿಗೆ ಮೇಲೆ ಬಹಳ ಹೊತ್ತು ನಿಲ್ಲುವ ಸಿಹಿ. ನಾವು ನಿರೀಕ್ಷಿಸುವ ಆ ಘಮ ಬಹುಮಟ್ಟಿಗೆ ಸೋಂಪಿನ ಜಾತಿಯದು. ಎರಡೂ ಹಾಕಬೇಕು.

ಗ್ರಂಥಿಗೆ ಅಂಗಡಿಯಿಂದ ಜೇಷ್ಠಮಧುವಿನ ಪುಡಿ ಬದಲು ಕಡ್ಡಿ ತನ್ನಿ. ಮುರಿದರೆ ಒಳಗೆ ಹಳದಿ ಇರಬೇಕು. ಜಜ್ಜಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ವಸ್ತ್ರಗಾಳಿತ ಮಾಡಿಕೊಳ್ಳಿ. ಮಾಮೂಲಿ ಜರಡಿ ಸಾಲದು, ನಾರು ಹಲ್ಲಿಗೆ ಸಿಕ್ಕುತ್ತದೆ.

ಈ ಪುಡಿ 15 ಗ್ರಾಂ, ಸೋಂಪಿನ ಪುಡಿ 2 ಟೀ ಚಮಚ, ಹಸಿ ವಾಸನೆ ಹೋಗುವಷ್ಟು ಹುರಿದ ಗೋಧಿ ಹಿಟ್ಟು 100 ಗ್ರಾಂ, ಚಿಟಿಕೆ ಉಪ್ಪು ಬೆರೆಸಿ ಪಕ್ಕಕ್ಕಿಡಿ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ 200 ಗ್ರಾಂ ಸಕ್ಕರೆ, 150 ಗ್ರಾಂ ಲಿಕ್ವಿಡ್ ಗ್ಲೂಕೋಸ್, 80 ಗ್ರಾಂ ಜೋನಿ (ದ್ರವ) ಬೆಲ್ಲ, 100 ಗ್ರಾಂ ಬೆಣ್ಣೆ ಕರಗಿಸಿ. ಚಿಟಿಕೆ ಅಡಿಗೆ ಸೋಡಾ ಹಾಕಿದ ಮೇಲೆಯೇ 150 ಗ್ರಾಂ ಕಂಡೆನ್ಸ್‌ಡ್ ಮಿಲ್ಕ್ ಸೇರಿಸಿ. ಇಲ್ಲದಿದ್ದರೆ ಬೆಲ್ಲದ ಹುಳಿಗೆ ಹಾಲು ಒಡೆಯುತ್ತದೆ, ಪಾಯಸದಲ್ಲಿ ಆಗುವ ಹಾಗೆಯೇ. ಗ್ಲೂಕೋಸ್ ಬಿಟ್ಟರೆ ಪಾಕ ಸಕ್ಕರೆಗಟ್ಟಿ ತರಿತರಿಯಾಗುತ್ತದೆ.

ಸಣ್ಣ ಉರಿಯಲ್ಲಿ ಕೈ ಬಿಡದೆ ಕೆದಕಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಪಾಕ 120 ಡಿಗ್ರಿ ಸೆಲ್ಸಿಯಸ್‌ಗೆ ಬರಬೇಕು. ಇದು ಸಮುದ್ರ ಮಟ್ಟದ ಲೆಕ್ಕ. ಮಂಗಳೂರಿಗೆ ಸರಿ, ಬೆಂಗಳೂರಿಗೆ ಅಲ್ಲ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಅಲ್ಲಿ 117ಕ್ಕೆ ನಿಲ್ಲಿಸಬೇಕು. ಪುಸ್ತಕದ ಅಂಕಿ ನಂಬಿ 120ರ ತನಕ ಕಾಯಿಸಿದರೆ ಅಗಿಯಲಾಗದಷ್ಟು ಗಟ್ಟಿ. ಥರ್ಮಾಮೀಟರನ್ನು ಮೊದಲು ಕುದಿಯುವ ನೀರಿನಲ್ಲಿ ಅದ್ದಿ ನೋಡಿದರೆ ನಿಮ್ಮ ಊರಿನ ಲೆಕ್ಕ ಸಿಗುತ್ತದೆ. ಥರ್ಮಾಮೀಟರ್ ಇಲ್ಲವೇ? ತಣ್ಣೀರಿಗೆ ಒಂದು ಹನಿ ಬಿಡಿ. ಉಂಡೆ ಕಟ್ಟಲು ಬಂದು, ಹೊರತೆಗೆದಾಗ ಆಕಾರ ಬಿಡದೆ, ಒತ್ತಿದರೆ ಮಾತ್ರ ಚಪ್ಪಟೆಯಾದರೆ ಆಯಿತು.

ಒಲೆ ಆರಿಸಿದ ಮೇಲೆ ಹಿಟ್ಟಿನ ಮಿಶ್ರಣ ಉದುರಿಸಿ ಗಂಟಾಗದಂತೆ ಕಲಸಿ. ಪುಡಿಯನ್ನು ಮೊದಲೇ ಹಾಕಿ ಕುದಿಸಿದರೆ ಸೀದು ಕಹಿಯಾಗುತ್ತದೆ. ಬಟರ್ ಪೇಪರ್ ಹಾಸಿದ 20 ಸೆಂ.ಮೀ. ಚೌಕದ ತಟ್ಟೆಗೆ ಸುರಿದು, ಪೂರ್ತಿ ಆರಿದ ಮೇಲೆ ಎಣ್ಣೆ ಸವರಿದ ಚಾಕುವಿನಲ್ಲಿ 2 ಸೆಂ.ಮೀ. ತುಂಡು ಮಾಡಿ. ಬಣ್ಣ ಕಂದು ಬರುತ್ತದೆ. ಅಂಗಡಿಯ ಕಡುಗಪ್ಪಿಗೆ ಬಣ್ಣ ಸೇರಿಸಿರುತ್ತಾರೆ, ಮನೆಯಲ್ಲಿ ಅದರ ಹಂಗೇಕೆ?

ಫಿನ್‌ಲ್ಯಾಂಡಿನ ಉಪ್ಪು ಲಿಕೊರೈಸ್ ಕ್ಯಾಂಡಿಯಾದ ಸಾಲ್ಮಿಯಾಕ್ಕಿಯ ಉಪ್ಪುರುಚಿ ನವಸಾಗರದ್ದು (ಅಮೋನಿಯಂ ಕ್ಲೋರೈಡ್). ಹಾಗಂತ ಕಲಾಯಿಗೆ ಬಳಸುವ ನವಸಾಗರ ತಂದು ಹಾಕಬೇಡಿ, ಅದು ತಿನ್ನುವ ದರ್ಜೆಯದಲ್ಲ.

ಮಳೆಗಾಲದಲ್ಲಿ ಅರ್ಧ ಗಂಟೆ ಬಿಚ್ಚಿಟ್ಟರೂ ತುಂಡುಗಳು ಬೆವರಿ ಅಂಟುತ್ತವೆ. ಕತ್ತರಿಸುತ್ತಿದ್ದಂತೆ ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ. ದಿನಕ್ಕೆ ಮೂರು ನಾಲ್ಕು ತುಂಡು ಸಾಕು. ಜೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಎಂಬ ಸಿಹಿ ಅಂಶ ಅತಿಯಾದರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. ಬಿಪಿ ಇದ್ದವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಇದನ್ನು ತಿನ್ನದಿರುವುದೇ ಸರಿ.